ಮೂರು ಅಂಗುಲ

ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಪಟ್ಟಣದ ಕಾಲೇಜಿನಲ್ಲಿ ಬಹುಕಾಲ ಗಣಿತವನ್ನು ಬೋಧಿಸಿದ ಮೇಷ್ಟರೊಬ್ಬರಿದ್ದರು. ಸ್ತಂಭ ನಿರ್ದೇಶಾಂಕಗಳೆಂಬ ಪಾಠವನ್ನು ಆರಂಭಿಸುವಾಗ ಅವರು ಹಲಗೆಯ ಮೇಲೆ ಸ್ತಂಭವನ್ನು ಬರೆಯುತ್ತಿರಲಿಲ್ಲ. ಒಂದು ಮೇಟಿಯನ್ನು ಬರೆಯುತ್ತಿದ್ದರು. ಪಟ್ಟಣದಲ್ಲಿಯೇ ಬೆಳೆದ ಹುಡುಗರಿಗೆ ಮೇಟಿಯೆಂದರೇನೆಂಬುದನ್ನೇ ಮೊದಲು ತಿಳಿಸಬೇಕಾಗುತ್ತಿತ್ತು. ಕಣದ ನಡುವೆ ನೆಟ್ಟ ಮರದ ಗೂಟವೇ ಮೇಟಿ. ತೆನೆಯ ಹುಲ್ಲನ್ನು ಅದರ ಸುತ್ತ ಹರಡಿ, ನಾಲ್ಕೈದು ಎತ್ತುಗಳನ್ನು ಒಂದರ ಪಕ್ಕಕ್ಕೊಂದಾಗಿ ಹಗ್ಗಕ್ಕೆ ಕಟ್ಟಿ, ಹಗ್ಗದ ತುದಿಯನ್ನು ಮೇಟಿಗೆ ಸಿಕ್ಕಿಸಿ, ಸುತ್ತು ಸುತ್ತಾಗಿ ತುಳಿಸುವುದು ಹಿಂದಿನವರ ಪದ್ಧತಿ.

ಆ ಎತ್ತುಗಳಲ್ಲಿ ಒಂದು ಈಗ ಎಲ್ಲಿದೆಯೆಂದು ಯಾರಾದರೂ ಕೇಳಿದರೆ, ಮೂಡಲಿಗೆ ಇಷ್ಟು ಮೊಳ, ಬಡಗಲಿಗೆ ಇಷ್ಟು ಮೊಳ ಎಂದು ಉತ್ತರ ಹೇಳಬಹುದು. ಫ್ರೆಂಚ್ ಪಂಡಿತನಾದ ಡೇಕಾರ್ಟನು 1637ರಲ್ಲಿ ಪ್ರಕಟಿಸಿದ ಗ್ರಂಥದಿಂದ ಬೆಳೆದುಬಂದ ಚೌಕಟ್ಟಿನ ಲೆಕ್ಕಕ್ಕೆ ಅದು ಒಪ್ಪುವ ಮಾತೇ ಸರಿ. ಆದರೆ ಎತ್ತಿಗೂ ಎತ್ತು ಹೊಡೆಯುವವನಿಗೂ ಅದು ಹೊಂದುವುದಿಲ್ಲ. ಮೇಟಿಯಿಂದ ಎಷ್ಟು ದೂರ, ಎಷ್ಟು ಸುತ್ತು ತಿರುಗಿದೆ, ಇಷ್ಟನ್ನೇ ಹೇಳಿದರೆ ಅವರಿಗೆ ಸಾಕು. ಇವೆರಡಕ್ಕೆ ನೆಲದಿಂದ ಎಷ್ಟು ಎತ್ತರವೆಂಬುದನ್ನೂ ಸೇರಿಸಿದರೆ, ಎತ್ತಿನ ಬೆನ್ನಿನ ಮೇಲೆ ಕುಳಿತ ಕಾಗೆಯ ಸ್ಥಾನವೂ ತಿಳಿಯುವುದು. ದೂರ, ತಿರುವು, ಎತ್ತರ; ಸ್ತಂಭ ನಿರ್ದೇಶಾಂಕಗಳೆಂದರೆ ಇಷ್ಟೇ ಎಂದು ಮೇಷ್ಟರು ಹೇಳುತ್ತಿದ್ದರು. ದೂರವೊಂದನ್ನು ಕಟ್ಟಿಹಾಕಿ ಉಳಿದೆರಡನ್ನು ಬಿಟ್ಟರೆ ಬಾವಿಯ ಗೋಡೆ ಬರುತ್ತದೆ. ಎತ್ತರವನ್ನು ಅನುಸರಿಸಿ ದೂರವು ಹೆಚ್ಚು ಕಡಮೆಯಾಗುವಂತೆ ಮಾಡಿದರೆ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ದೇವಾಲಯದ ಕಡೆದ ಕಂಬ ಬರುತ್ತದೆ. ಅಲ್ಲಿ ಬಳೆಬಳೆಯಾಗಿ ಕಂಬವು ಉಬ್ಬಿ ತಗ್ಗುತ್ತದೆ, ಆದರೆ ಯಾವ ದಿಕ್ಕಿನಿಂದ ನೋಡಿದರೂ ಒಂದೇ ರೂಪು. ತಿರುಗಿದಷ್ಟೂ ಎತ್ತರವು ಏರುವಂತೆ ಮಾಡಿದರೆ ಗೋಪುರದ ಒಳಗಿನ ಸುತ್ತುಮೆಟ್ಟಿಲು.

ಇದೆಲ್ಲವೂ ಪಾಠದ ಸುಲಭವಾದ ಭಾಗ. ಕಷ್ಟವು ಅಳತೆಯಲ್ಲಿದೆ. ಮೇಟಿಯ ಹಗ್ಗಕ್ಕೆ ಎತ್ತುಗಳನ್ನು ಕಟ್ಟುವಾಗ ಮುದಿಯಾದ, ನಿಧಾನವಾದ ಎತ್ತನ್ನು ಒಳಗಡೆಯೂ, ಪ್ರಾಯದ ಎತ್ತನ್ನು ಹೊರಗಡೆಯೂ ಕಟ್ಟುತ್ತಾರೆ. ಎಲ್ಲವೂ ತಿರುಗುವುದು ಒಂದೇ ತಿರುವು. ಆದರೆ ಹೊರಗಿನದು ನಡೆಯಬೇಕಾದ ದಾರಿ ಒಳಗಿನದರ ಮೂರರಷ್ಟೋ ನಾಲ್ಕರಷ್ಟೋ ಆಗುವುದು. ನಡೆದ ದಾರಿಯೆಂದರೆ ತಿರುವು ಮಾತ್ರವಲ್ಲ, ತಿರುವನ್ನು ದೂರದಿಂದ ಗುಣಿಸಿ ಬಂದದ್ದು. ಕಾಲೇಜಿನ ಹುಡುಗರು ಪರೀಕ್ಷೆಯಲ್ಲಿ ಮರೆಯುವುದು ಈ ಗುಣಾಕಾರವನ್ನೇ. ‘ಹೊರಗಿನ ಎತ್ತನ್ನು ಮರೆತೆಯಲ್ಲಪ್ಪ’ ಎಂದು ಮೇಷ್ಟರು ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಮಸಿಯಿಂದ ಬರೆಯುತ್ತಿದ್ದುದುಂಟು.

ಆಮೇಲೆ ರಾಶಿಯ ಮಾತು. ತೂರಿದ ಭತ್ತವನ್ನು ಮೊರದಿಂದ ಒಂದೇ ಸ್ಥಳದಲ್ಲಿ ಸುರಿಯುತ್ತ ಬಂದರೆ ಅದು ತಾನಾಗಿಯೇ ಶಂಕುವಿನ ಆಕಾರಕ್ಕೆ ನಿಲ್ಲುತ್ತದೆ. ಕಾಳಿನ ಮೇಲೆ ಕಾಳು ಜಾರದೆ ನಿಲ್ಲಬಹುದಾದ ಇಳಿಜಾರು ಆಯಾ ಧಾನ್ಯದ ಸ್ವಭಾವಕ್ಕೆ ಸೇರಿದ್ದು. ಆದಕಾರಣ ರಾಶಿಯು ದೊಡ್ಡದಾದರೂ ಚಿಕ್ಕದಾದರೂ ಇಳಿಜಾರು ಹೆಚ್ಚಾಗಿ ಬದಲಾಗದು. ಈ ಮೈಯನ್ನು ದೂರ, ತಿರುವು, ಎತ್ತರಗಳಲ್ಲಿ ಹೇಳುವುದಾದರೆ ಒಂದೇ ವಾಕ್ಯ: ನಡುವಿನಿಂದ ಹೊರಗೆ ಸರಿದಷ್ಟೂ ಎತ್ತರವು ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ತಿರುವಿನ ಹೆಸರೇ ಆ ವಾಕ್ಯದಲ್ಲಿ ಬರುವುದಿಲ್ಲ. ಆದರೂ ಮೈಯ ಮೇಲಿನ ಒಂದು ಕಾಳನ್ನು ಗುರುತಿಸಬೇಕಾದರೆ ದೂರವೂ ಬೇಕು, ತಿರುವೂ ಬೇಕು. ಎರಡು ಸಂಖ್ಯೆಗಳನ್ನು ಕೊಟ್ಟರೆ ಮೂರನೆಯದಾದ ಎತ್ತರವು ತಾನಾಗಿ ದೊರೆಯುತ್ತದೆ. ನೆತ್ತಿಯ ಕಾಳೊಂದಕ್ಕೆ ಮಾತ್ರ ದೂರವು ಸೊನ್ನೆಯಾದ್ದರಿಂದ ತಿರುವನ್ನು ಏನೆಂದು ಹೇಳಿದರೂ ಒಂದೇ.

ಈ ರಾಶಿಯ ಲೆಕ್ಕವು ನಮ್ಮ ನಾಡಿಗೆ ಹೊಸದಲ್ಲ. ನೃಪತುಂಗನ ಕಾಲದ ಜೈನ ಪಂಡಿತ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಸ್ಥೂಲವಾದ ಲೆಕ್ಕ, ಸೂಕ್ಷ್ಮವಾದ ಲೆಕ್ಕ ಎಂದು ಎರಡನ್ನೂ ಬೇರೆಬೇರೆಯಾಗಿ ಹೇಳಿದೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿಯಂತೂ ರಾಶಿಗಾಗಿಯೇ ಒಂದು ಪ್ರಕರಣವಿದೆ. ರಾಶಿಯ ಬುಡದ ಸುತ್ತಳತೆಯನ್ನು ಹಗ್ಗದಿಂದ ತೆಗೆದುಕೊಳ್ಳಬೇಕು. ಮುಳ್ಳುಳ್ಳ ಧಾನ್ಯವಾದರೆ ಅದರ ಒಂಬತ್ತನೆಯ ಒಂದು ಪಾಲು, ದಪ್ಪ ಕಾಳಾದರೆ ಹತ್ತನೆಯ ಒಂದು ಪಾಲು, ಸಣ್ಣ ಕಾಳಾದರೆ ಹನ್ನೊಂದನೆಯ ಒಂದು ಪಾಲು ರಾಶಿಯ ಎತ್ತರ. ಸುತ್ತಳತೆಯ ಆರನೆಯ ಒಂದು ಪಾಲನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಮತ್ತೆ ಗುಣಿಸಿದರೆ ಘನಮೊಳಗಳಲ್ಲಿ ಧಾನ್ಯ ದೊರೆಯುವುದು. ಗೋಡೆಗೆ ಒರಗಿದ ರಾಶಿ ಅರ್ಧ. ಕೋಣೆಯ ಮೂಲೆಯಲ್ಲಿ ಸುರಿದದ್ದು ಕಾಲು. ಮನೆಯ ಹೊರಮೂಲೆಯನ್ನು ಅಪ್ಪಿಕೊಂಡದ್ದು ಮುಕ್ಕಾಲು. ಆದಕಾರಣ ಅಳೆದ ಕಂಸವನ್ನು ಕ್ರಮವಾಗಿ ಎರಡು, ನಾಲ್ಕು, ಒಂದೂ ಮೂರನೆಯ ಒಂದರಿಂದ ಗುಣಿಸಿ ಪೂರ್ಣ ರಾಶಿಯೆಂದು ಭಾವಿಸಿ ಲೆಕ್ಕ ಮಾಡಿ, ಬಂದದ್ದನ್ನು ಮತ್ತೆ ಅದರಿಂದಲೇ ಭಾಗಿಸತಕ್ಕದ್ದು. ತಿರುವು ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಕೇಳದೆ ಯಾವ ಮೈಯನ್ನೂ ಅಳೆಯಲಾಗದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಮೇಷ್ಟರು ಹುಡುಗರನ್ನು ಕಾಲೇಜಿನ ಹಿಂಭಾಗಕ್ಕೆ ಕರೆದೊಯ್ದು ಬಯಲಿನಲ್ಲಿ, ಗೋಡೆಗೆ, ಒಳಮೂಲೆಗೆ, ಹೊರಮೂಲೆಗೆ ಮರಳನ್ನು ಸುರಿಸಿ ನಾಲ್ಕನ್ನೂ ಅಳೆಯಿಸುತ್ತಿದ್ದರು.

ಇಷ್ಟಾದ ಮೇಲೆ ಅವರು ಹಲಗೆಯ ಮೇಲೆ 3 ಎಂದು ಬರೆದು, ಸ್ವಲ್ಪ ಹೊತ್ತು ಅದನ್ನು ನೋಡಿ, ಅಳಿಸಿ, ಅದೇ ಸ್ಥಳದಲ್ಲಿ 22/7 ಎಂದು ಬರೆಯುತ್ತಿದ್ದರು. ಏಕೆಂದು ಯಾವ ಹುಡುಗನೂ ಕೇಳಲಿಲ್ಲ. ಅವರಾಗಿ ಹೇಳಲೂ ಇಲ್ಲ.

ಅದು ನಡೆದದ್ದು 1958ರ ಜನವರಿಯಲ್ಲಿ. ಹಿಂದಿನ ಏಪ್ರಿಲ್ಲಿನಲ್ಲಿ ಹೊಸ ಪೈಸೆಗಳು ಚಲಾವಣೆಗೆ ಬಂದು, ಸಂತೆಗೆ ಹೋದವರೆಲ್ಲ ಆಣೆಯನ್ನು ಪೈಸೆಗೆ ತಿರುಗಿಸುವುದರಲ್ಲಿ ತಪ್ಪುತ್ತಿದ್ದ ಕಾಲ. ಮೇಷ್ಟರ ತಂದೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಣ್ಣನು ಊರಿನಲ್ಲಿದ್ದು ಗದ್ದೆಯನ್ನು ನೋಡಿಕೊಳ್ಳುತ್ತಿದ್ದನು. ಮನೆ ಇನ್ನೂ ಒಡೆದಿರಲಿಲ್ಲ; ಆದರೆ ಪಟ್ಟಣದ ಸಂಸಾರಕ್ಕೂ ಅಕ್ಕಿ ಬೇಕಾದ್ದರಿಂದ ಆ ವರ್ಷದ ಭತ್ತವನ್ನು ಸಮಪಾಲು ಮಾಡಿಕೊಳ್ಳಬೇಕೆಂದು ತಾಯಿಯೇ ಹೇಳಿದ್ದರು. ಅಣ್ಣ ತಮ್ಮಂದಿರು ಮೊದಲ ಸಲ ಪಾಲೆಂಬ ಮಾತನ್ನು ಆಡಿದ್ದು ಆಗ. ಇಬ್ಬರಿಗೂ ಅದು ಬಾಯಿಗೆ ಸಲೀಸಾಗಿ ಬರುವ ಮಾತಾಗಿರಲಿಲ್ಲ.

ಕಡೆಯ ಕಣದ ಭತ್ತವನ್ನು ತೂರಿ ರಾಶಿ ಮಾಡುವಷ್ಟರಲ್ಲಿ ಹೊತ್ತು ಮುಳುಗಿತು. ದೀಪ ಹಚ್ಚಿದ ಮೇಲೆ ರಾಶಿಯನ್ನು ಅಳೆಯುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಣ್ಣನು ನೆತ್ತಿಯ ಮೇಲೆ ಸಗಣಿಯ ಬೆನಕನನ್ನಿಟ್ಟು, ಬುಡದ ಸುತ್ತ ಬೂದಿಯ ಗೆರೆಯನ್ನೆಳೆದು ಕೈಮುಗಿದನು. ಮೇಷ್ಟರಿಗೆ ಸುಮ್ಮನಿರಲಾಗಲಿಲ್ಲ. ಹಗ್ಗವನ್ನು ತಂದು ಸುತ್ತಳತೆಯನ್ನು ತೆಗೆದರು; ಹದಿನೆಂಟು ಮೊಳ. ಕೋಲನ್ನು ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಇನ್ನೊಂದು ಕೋಲನ್ನು ಅಡ್ಡ ಹಿಡಿದು ನೋಡಿದರು, ಎರಡು ಮೊಳ. ಹದಿನೆಂಟರ ಒಂಬತ್ತನೆಯ ಒಂದು ಪಾಲು ಸರಿಯಾಗಿ ಎರಡು! ಎಂಟುನೂರು ವರ್ಷಗಳ ಹಿಂದಿನ ಶ್ಲೋಕವು ತಮ್ಮ ಮನೆಯ ಕಣದಲ್ಲಿ ಹೀಗೆ ಕೂಡಿಬಂದದ್ದನ್ನು ಕಂಡು ಅವರಿಗಾದ ಹಿಗ್ಗು ಅಷ್ಟಿಷ್ಟಲ್ಲ. ಬೂದಿಯನ್ನು ತೆಗೆದುಕೊಂಡು ರಾಶಿಯ ಮೈಮೇಲೆ ಗೇಣಿಗೊಂದರಂತೆ ಬಳೆಗಳನ್ನೂ, ನೆತ್ತಿಯಿಂದ ಬುಡಕ್ಕೆ ಎಂಟು ದಿಕ್ಕಿಗೆ ಎಂಟು ಗೆರೆಗಳನ್ನೂ ಎಳೆದು, ಅಣ್ಣನ ಮಕ್ಕಳಿಗೆ ದೂರ, ತಿರುವು, ಎತ್ತರಗಳ ಪಾಠ ಹೇಳಿದರು. ಮಕ್ಕಳಿಗೆ ಅದು ದೊಡ್ಡ ಜೇಡರ ಬಲೆಯಂತೆ ಕಂಡಿತು. ‘ರಾಶಿಯ ಮೇಲೆ ಬರೆಯುವುದುಂಟೇ?’ ಎಂದು ಅಣ್ಣನು ಮೆಲ್ಲಗೆ ಹೇಳಿ ಒಳಕ್ಕೆ ಹೋದನು.

ಮೇಷ್ಟರು ಲೆಕ್ಕ ಮಾಡಿದರು. ಹದಿನೆಂಟರ ಆರನೆಯ ಪಾಲು ಮೂರು; ಮೂರು ಮೂರಲ ಒಂಬತ್ತು; ಒಂಬತ್ತೆರಡಲ ಹದಿನೆಂಟು ಘನಮೊಳ. ಲೀಲಾವತಿಯಲ್ಲಿ ಹೇಳಿರುವಂತೆ ಉದ್ದ ಅಗಲ ಆಳಗಳು ಒಂದೊಂದು ಮೊಳವಿರುವ ಹಲಗೆಯ ಪೆಟ್ಟಿಗೆಯೊಂದನ್ನು ಅವರು ಹಿಂದೆಯೇ ಮಾಡಿಸಿದ್ದರು. ಅದಕ್ಕೆ ಆ ಊರಿನ ಕೊಳಗದಲ್ಲಿ ಹತ್ತು ಕೊಳಗ ಹಿಡಿಯುತ್ತಿತ್ತು. ನೂರೆಂಬತ್ತು ಕೊಳಗ, ಎಂದರೆ ಒಂಬತ್ತು ಖಂಡುಗ. ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ತಾಯಿಗೂ ಹೇಳಿ, ಊಟಕ್ಕೆ ಕುಳಿತರು. ಕಣದಲ್ಲಿ ಕಾವಲಿಗೆ ಮಲಗಿದವನು ಮನೆಯ ಮುದಿ ಆಳು. ತಂದೆಯ ಕಾಲದಿಂದಲೂ ಪ್ರತಿ ಸುಗ್ಗಿಯಲ್ಲಿಯೂ ಅವನದೇ ಕಾವಲು.

ಬೆಳಗಾಯಿತು. ಮಂಜಿಗೋ ನಾಯಿಯ ಓಡಾಟಕ್ಕೋ ಬೂದಿಯ ಗೆರೆಯು ಒಂದು ಕಡೆ ಮಾಸಿತ್ತು. ಅಣ್ಣನು ಕೊಳಗವನ್ನು ಕೈಗೆತ್ತಿಕೊಂಡು ಮೊದಲನೆಯದನ್ನು ‘ಲಾಭ’ ಎಂದು ಎಣಿಸಿ ಸುರಿದನು. ಎರಡು, ಮೂರು ಎಂದು ಅಳತೆ ಸಾಗಿತು. ನೂರೆಪ್ಪತ್ತೆರಡಕ್ಕೆ ಕಣವು ಬರಿದಾಯಿತು.

‘ಎಂಟು ಕೊಳಗ ಕಡಮೆ’ ಎಂದು ಮೇಷ್ಟರೆಂದರು. ಅವರು ಯಾರ ಮೇಲೆಯೂ ಸಂಶಯಪಟ್ಟು ಆ ಮಾತನ್ನಾಡಲಿಲ್ಲ. ತರಗತಿಯಲ್ಲಿ ಹುಡುಗನ ಉತ್ತರವು ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ಆಡುವ ಧ್ವನಿ ಅದು. ಆದರೆ ಕಣವು ತರಗತಿಯಲ್ಲ. ಮಾಸಿದ ಬೂದಿಯ ಗೆರೆಯನ್ನು ಅತ್ತಿಗೆ ನೋಡಿದರು. ಅತ್ತಿಗೆ ನೋಡಿದ್ದನ್ನು ತಾಯಿ ನೋಡಿದರು. ಅಣ್ಣನು ಖಾಲಿ ಕೊಳಗವನ್ನು ಬೋರಲು ಹಾಕಿ ನಿಂತನು. ತಮ್ಮನು ತನ್ನನ್ನೇ ಕುರಿತು ಹೇಳಿದನೇ ಎಂಬ ಶಂಕೆ ಅವನ ಮುಖದ ಮೇಲೆ ಸುಳಿಯದೆ ಇರಲಿಲ್ಲ. ಯಾರೂ ಮಾತನಾಡಲಿಲ್ಲ. ಮುದುಕನು ತನ್ನ ಕಂಬಳಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ಕೋಲನ್ನು ಕಣದ ಅಂಚಿಗೆ ಒರಗಿಸಿ, ಕೇರಿಯ ಕಡೆಗೆ ಹೊರಟುಹೋದನು. ಆ ಕೋಲು ಮನೆಯವರು ಕೊಟ್ಟದ್ದು.

ಅಂದು ಮಧ್ಯಾಹ್ನ ಮೇಷ್ಟರಿಗೆ ಊಟ ಸೇರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಲೆಕ್ಕವನ್ನು ಮತ್ತೆ ಮಾಡಿದರು. ಪೆಟ್ಟಿಗೆಯನ್ನು ಅಳೆದು ನೋಡಿದರು, ಹತ್ತೇ ಕೊಳಗ. ಹಗ್ಗವನ್ನು ಅಳೆದು ನೋಡಿದರು, ಹದಿನೆಂಟೇ ಮೊಳ. ಕಡೆಗೆ ಶ್ಲೋಕವನ್ನು ಬಿಟ್ಟು, ತಾವು ಹುಡುಗರಿಗೆ ಹೇಳುವ ಕ್ರಮದಲ್ಲಿಯೇ ರಾಶಿಯನ್ನು ಬಳೆಬಳೆಯಾಗಿ ಕತ್ತರಿಸಿ ಕೂಡಿಸಲು ತೊಡಗಿದರು. ಈ ಕ್ರಮದಲ್ಲಿ ಒಂದು ವಿಶೇಷವಿದೆ. ಹೊರಗಿನ ಬಳೆಗಳು ಉದ್ದವಾದವು, ಆದರೆ ಎತ್ತರವಿಲ್ಲದವು; ಒಳಗಿನವು ಎತ್ತರವಾದವು, ಆದರೆ ಚಿಕ್ಕವು. ಆ ರಾಶಿಯ ಹೊರ ಅಂಚಿನ ಒಂದು ಮೊಳಕ್ಕೂ ಕಡಮೆ ಅಗಲದ ಬಳೆಯೇ ಅದು ಕುಳಿತ ನೆಲದ ಅರ್ಧವನ್ನು ಆಕ್ರಮಿಸಿರುತ್ತದೆ. ಅಲ್ಲಿ ಭತ್ತದ ಎತ್ತರವು ಮೊಳದ ಮುಕ್ಕಾಲನ್ನೂ ಮುಟ್ಟುವುದಿಲ್ಲ. ನೆತ್ತಿಯನ್ನು ನೋಡಿ ರಾಶಿಯನ್ನು ಅಂದಾಜು ಮಾಡುವವರೆಲ್ಲರೂ ಮೋಸಹೋಗುವುದು ಇದರಿಂದಲೇ; ಎಲ್ಲವನ್ನೂ ಸಮತಟ್ಟು ಮಾಡಿದರೆ ಎತ್ತರದ ಮೂರನೆಯ ಒಂದು ಪಾಲು ಮಾತ್ರ ಉಳಿಯುವುದು.

ಬಳೆಗಳನ್ನು ಕೂಡಿಸುವುದಕ್ಕೆ ಬುಡದ ತ್ರಿಜ್ಯ ಬೇಕಾಯಿತು. ಸುತ್ತಳತೆ ಹದಿನೆಂಟು, 22/7ರ ಲೆಕ್ಕದಲ್ಲಿ ತ್ರಿಜ್ಯವು ಎರಡು ಮೊಳ ಇಪ್ಪತ್ತು ಅಂಗುಲ, ಮೇಲೆ ಮುಕ್ಕಾಲು ಅಂಗುಲದಷ್ಟಾಯಿತು. ಮೂರು ಮೊಳವಾಗಲಿಲ್ಲ. ಮೇಷ್ಟರು ಅಲ್ಲಿಗೆ ನಿಂತರು. ಶ್ಲೋಕದ ಆರನೆಯ ಪಾಲೆಂದರೆ ತ್ರಿಜ್ಯವನ್ನು ಸರಿಯಾಗಿ ಮೂರು ಮೊಳವೆಂದು ಹಿಡಿದಂತೆ. ಎಂದರೆ ಪರಿಧಿಯು ವ್ಯಾಸದ ಮೂರರಷ್ಟು ಎಂದು ಒಪ್ಪಿದಂತೆ. ಭಾಸ್ಕರನಿಗೆ ಇದಕ್ಕಿಂತ ಸೂಕ್ಷ್ಮವಾದದ್ದು ತಿಳಿದಿರಲಿಲ್ಲವೆಂದಲ್ಲ. ಅದೇ ಲೀಲಾವತಿಯ ಇನ್ನೊಂದು ಕಡೆ 3927/1250 ಎಂದೂ, ವ್ಯವಹಾರಕ್ಕೆ 22/7 ಎಂದೂ ಅವನೇ ಹೇಳಿದ್ದಾನೆ. ಕಣದಲ್ಲಿ ನಿಂತು ಬೆರಳಿನ ಮೇಲೆ ಎಣಿಸುವವನಿಗೆ ಮೂರು ಸಾಕೆಂದು ಬಿಟ್ಟಿದ್ದಾನೆ, ಅಷ್ಟೆ. ಮೇಷ್ಟರು ಎರಡನ್ನೂ ಕಂಠಪಾಠ ಮಾಡಿದ್ದವರು. ಆದರೆ ಒಂಬತ್ತನೆಯ ಪಾಲು ಅಷ್ಟು ಸರಿಯಾಗಿ ಕೂಡಿಬಂದದ್ದರಿಂದ ಆರನೆಯ ಪಾಲನ್ನು ಅವರು ಶಂಕಿಸಲೇ ಇಲ್ಲ.

ಹೊಸ ಲೆಕ್ಕದಿಂದ ಹದಿನೇಳು ಘನಮೊಳ, ಮೇಲೆ ಹನ್ನೊಂದನೆಯ ಎರಡು ಪಾಲು ಬಂದಿತು. ಕೊಳಗದಲ್ಲಿ ನೂರೆಪ್ಪತ್ತೊಂದು ಮುಕ್ಕಾಲು, ಇನ್ನೂ ಒಂದೆರಡು ಹಿಡಿ. ಇಷ್ಟು ಹತ್ತಿರಕ್ಕೆ ಬಂದುದು ಆಕಸ್ಮಿಕವೆಂದೇ ಹೇಳಬೇಕು. ನಿಜವಾದ ರಾಶಿಗೆ ನೆತ್ತಿ ಸ್ವಲ್ಪ ಮೊಂಡು, ಬುಡ ಸ್ವಲ್ಪ ಹರಡು, ಒಂದೆರಡು ಕೊಳಗ ಆಚೀಚೆಯಾಗುವುದು ಸಹಜ. ಆದರೆ ಎಂಟು ಕೊಳಗದ ಮಾತು ಬೇರೆ. ಮೂರರ ಲೆಕ್ಕದಲ್ಲಿ ಇಪ್ಪತ್ತೆರಡು ಕೊಳಗವೆಂದು ಬಂದದ್ದು ನಿಜದಲ್ಲಿ ಇಪ್ಪತ್ತೊಂದೇ. ಕಳೆದುಹೋದ ಭತ್ತವು ಯಾವ ಗದ್ದೆಯಲ್ಲಿಯೂ ಬೆಳೆದಿರಲಿಲ್ಲ. ಅದು ಇದ್ದದ್ದು ತ್ರಿಜ್ಯದ ಆ ಮೂರಂಗುಲದಲ್ಲಿ. ಸುತ್ತಳತೆಯನ್ನಾದರೆ ಹಗ್ಗ ಹಿಡಿದು ಯಾರು ಬೇಕಾದರೂ ಸುತ್ತಿ ಬರಬಹುದು. ತ್ರಿಜ್ಯದ ಒಂದು ತುದಿ ಭತ್ತದ ಅಡಿಯಲ್ಲಿ ಮುಚ್ಚಿರುತ್ತದೆ, ಅದನ್ನು ಲೆಕ್ಕದ ಮೂಲಕವೇ ನಂಬಬೇಕು.

ಮೇಷ್ಟರು ಮೊದಲು ಅಣ್ಣನ ಬಳಿಗೆ ಹೋದರು. ಅಣ್ಣನು ಕೊಟ್ಟಿಗೆಯಲ್ಲಿದ್ದನು. ‘ಅಣ್ಣಯ್ಯ, ತಪ್ಪು ನನ್ನ ಲೆಕ್ಕದ್ದು. ಭತ್ತ ಇದ್ದದ್ದೇ ಅಷ್ಟು’ ಎಂದರು. ಹೇಗೆಂದು ವಿವರಿಸುವುದಕ್ಕೂ ತೊಡಗಿದರು. ಅಣ್ಣನು ಕೈಯೆತ್ತಿ ತಡೆದು, ‘ನನಗೆ ಹೇಳಿ ಏನಾಗಬೇಕು, ಮರಿ? ಹೇಳಬೇಕಾದವನು ಕೇರಿಯಲ್ಲಿದ್ದಾನೆ’ ಎಂದನು. ಸ್ವಲ್ಪ ತಡೆದು, ತಾನೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟನು.

ಮುದುಕನು ಗುಡಿಸಲಿನ ಮುಂದೆ ಹುರಿ ಹೊಸೆಯುತ್ತ ಕುಳಿತಿದ್ದನು. ಇಬ್ಬರನ್ನೂ ಕಂಡು ಎದ್ದನು, ಕೂಡಿರೆನ್ನಲಿಲ್ಲ. ಮೇಷ್ಟರು ಮೂರು ಎಂದದ್ದನ್ನೂ, ಮೂರಕ್ಕಿಂತ ಒಂದಿಷ್ಟು ಹೆಚ್ಚು ಎನ್ನಬೇಕಾಗಿತ್ತೆಂಬುದನ್ನೂ ಹೇಳಿದರು. ಅವನು ಕೊನೆಯವರೆಗೂ ಕೇಳಿದನು. ‘ಎಂಟು ಕೊಳಗ ಭತ್ತ ಹೊರೋಕೆ ಎರಡು ಸಲ ಓಡಾಡಬೇಕು, ಚಿಕ್ಕಯ್ಯ. ನನ್ನ ಮಂಡಿ ಹೇಗಿದೆ ಅಂತ ಮನೆಯವರಿಗೆ ಗೊತ್ತಿಲ್ಲವಾ?’ ಎಂದಷ್ಟೇ ಕೇಳಿದನು. ಅದಕ್ಕೆ ಉತ್ತರವಿರಲಿಲ್ಲ. ಅಣ್ಣನು ತಂದಿದ್ದ ಕೋಲನ್ನು ಅವನ ಗೋಡೆಗೆ ಒರಗಿಸಿದನು. ಮುದುಕನು ಅದನ್ನು ಮುಟ್ಟಲಿಲ್ಲ. ಹಿಂದಿರುಗುವಾಗ ಅಣ್ಣ ತಮ್ಮಂದಿರಿಬ್ಬರೂ ದಾರಿಯುದ್ದಕ್ಕೂ ಸುಮ್ಮನೆ ನಡೆದರು. ಹದಿನೈದು ದಿನ ಅವನು ಕೆಲಸಕ್ಕೆ ಬರಲಿಲ್ಲ. ಹದಿನಾರನೆಯ ದಿನ ಏನೂ ಆಗದವನಂತೆ ಬಂದು, ಎತ್ತುಗಳಿಗೆ ನೀರು ಕುಡಿಸಿದನು, ಕೋಲು ಕೈಯಲ್ಲಿತ್ತು.

ಮುಂದಿನ ವರ್ಷದ ಸುಗ್ಗಿಗೆ ಮೇಷ್ಟರು ರಜೆ ಹಾಕಿ ಎರಡು ದಿನ ಮುಂಚೆಯೇ ಬಂದರು. ಆ ಸಲವೂ ರಾಶಿಯಾಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅವರು ಹಗ್ಗವನ್ನು ತಂದರು. ಆದರೆ ತಾವೇ ಸುತ್ತದೆ ಒಂದು ತುದಿಯನ್ನು ಮುದುಕನ ಕೈಗೆ ಕೊಟ್ಟರು. ಅವನು ಹಗ್ಗವನ್ನು ಹಿಡಿದು ಸುತ್ತಿ ಬಂದು, ತುದಿ ಕೂಡಿದಲ್ಲಿ ಗಂಟು ಹಾಕಿ, ಮೊಳ ಹಾಕಿ ಎಣಿಸಿದನು. ಮೇಷ್ಟರು 22/7 ಇಟ್ಟು ಲೆಕ್ಕ ಮಾಡಿ, ಒಂದೆರಡು ಕೊಳಗ ಹೆಚ್ಚು ಕಡಮೆ ಬರಬಹುದೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಬರೆದುಕೊಳ್ಳಲು ಪುಸ್ತಕವನ್ನು ತೆರೆದರು.

‘ಬರೆಯೋದು ಆಮೇಲಾಗಲಿ, ಚಿಕ್ಕಯ್ಯ’ ಎಂದನು ಮುದುಕ. ‘ಇವತ್ತೇ ಅಳೆದು ಮುಗಿಸಿಬಿಡಿ. ಭತ್ತವನ್ನಾದರೆ ರಾತ್ರಿಯೆಲ್ಲ ಕಾಯ್ತೀನಿ. ಲೆಕ್ಕ ಕಾಯೋದು ನನ್ನ ಕೈಲಾಗಲ್ಲ.’

ಅಣ್ಣನು ಪಡುವಲನ್ನು ನೋಡಿದನು. ಹೊತ್ತು ತೆಂಗಿನ ತುದಿಗೆ ಇಳಿದಿತ್ತು. ದೀಪ ಹಚ್ಚುವುದಕ್ಕೆ ಇನ್ನೂ ಒಂದು ಗಳಿಗೆಯಾದರೂ ಇದ್ದಿತು. ಅವನು ಪಂಚೆಯನ್ನು ಎತ್ತಿ ಕಟ್ಟಿ, ಬೆನಕನಿಗೆ ಕೈಮುಗಿದು, ಕೊಳಗವನ್ನು ರಾಶಿಯಲ್ಲಿ ಮುಳುಗಿಸಿ ತೆಗೆದು, ಮೇಲಿನದನ್ನು ಅಂಗೈಯಿಂದ ಸವರಿ, ‘ಲಾಭ’ ಎಂದು ಗೋಣಿಗೆ ಸುರಿದನು. ಮುದುಕನು ಗೋಣಿಯ ಬಾಯನ್ನು ಅಗಲವಾಗಿ ಹಿಡಿದುಕೊಂಡನು.